ಇಕ್ಕಳದ ಬೆನ್ನು ಹತ್ತಿದ ಕಂಪ್ಯೂಟರು

ದೂಧಗಂಗಾ, ವೇದಗಂಗಾ ಕೂಡುವ ಭೋಜದ ಆಸುಪಾಸಿನ ಹಳ್ಳಿಗಳಲ್ಲಿ ‘ಲ್ಯಾಪ್ರೋಸ್ಕೋಪಿ’ ಎಂಬ ಮಾತು ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೂ ಎಂದಿನಿಂದಲೋ ಗೊತ್ತು. ಅವರ ಪಾಲಿಗೆ ಅದು ಕುಟುಂಬ ಯೋಜನೆಯ ಆಪರೇಷನ್. ಸರಕಾರಿ ಆಸ್ಪತ್ರೆಯಲ್ಲಿ ಕ್ಯಾಂಪ್ ನಡೆಯುತ್ತಿತ್ತು. ವೈದ್ಯರು ಹೊಕ್ಕುಳ ಕೆಳಗೆ ಸಣ್ಣದೊಂದು ತೂತು ಮಾಡಿ, ಉದ್ದನೆಯ ಕೊಳವೆ ಇಳಿಸಿ, ಅದರ ಹೊರತುದಿಗೆ ತಮ್ಮ ಕಣ್ಣಿಟ್ಟು ನೋಡುತ್ತಿದ್ದರು. ಎರಡೂ ಅಂಡನಾಳಗಳಿಗೆ ಪುಟ್ಟ ಉಂಗುರ ತೊಡಿಸಿ ಕೊಳವೆಯನ್ನು ಹೊರಕ್ಕೆಳೆಯುತ್ತಿದ್ದರು. ಒಳಗೆ ಏನು ಕಂಡಿತು ಎಂಬುದು ಆ ಒಂದು ಕಣ್ಣಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಸಿಸ್ಟರಿಗೂ ಇಲ್ಲ, ಕಲಿಯಲೆಂದು ಬಂದ ಕಿರಿಯ ವೈದ್ಯರಿಗೂ ಇಲ್ಲ.

ಕಣ್ಣಿದ್ದ ಜಾಗಕ್ಕೆ ಕ್ಯಾಮೆರಾ ಬಂದದ್ದು 1980ರ ದಶಕದಲ್ಲಿ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಪಿತ್ತಕೋಶ ತೆಗೆದರು. 1987ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಫಿಲಿಪ್ ಮೂರೆ ಅದೇ ದಾರಿ ಹಿಡಿದರು. ಭಾರತಕ್ಕೆ ಅದು ಬರಲು ತಡವಾಗಲಿಲ್ಲ: 1990ರ ಮೇ 31ರಂದು ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ದೇಶದ ಮೊದಲ ಲ್ಯಾಪ್ರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ನಡೆಸಿದರು. ಇಂದು ಭೋಜದವರು ನಿಪ್ಪಾಣಿಗೋ ಚಿಕ್ಕೋಡಿಗೋ ಹೋಗುತ್ತಾರೆ. ಕಾಗವಾಡ, ಅಥಣಿ ಕಡೆಯವರಿಗೆ ವಿಲಿಯಂ ವಾನ್ಲೆಸ್ 1894ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯ ಊರಾದ ಮಿರಜ ಹತ್ತಿರ. ದೊಡ್ಡ ಕಾಯಿಲೆಯಾದರೆ ಕೊಲ್ಹಾಪುರ, ಇಲ್ಲವೇ ಬೆಳಗಾವಿಯ ಕೆಎಲ್ಇ ಆಸ್ಪತ್ರೆ. ಎಲ್ಲಿಗೆ ಹೋಗಿ ಬಂದರೂ ಮನೆಯವರು ಹೇಳುವ ಮಾತು ಒಂದೇ: “ದುರ್ಬೀನ್ ಹಾಕಿ ತಗದಾರ್ರಿ, ಹೊಟ್ಟಿ ಕೊಯ್ದಿಲ್ಲ.”

ಒಳಗಿನ ಚಿತ್ರ ಪರದೆಗೆ ಬಂದದ್ದೇ ತಡ, ನೋಡುವವರ ಸಂಖ್ಯೆ ಹೆಚ್ಚಿತು. ಸಹಾಯಕರು ನೋಡಿದರು, ವಿದ್ಯಾರ್ಥಿಗಳು ನೋಡಿದರು, ಅರಿವಳಿಕೆ ಕೊಡುವವರು ತಲೆಯೆತ್ತಿ ನೋಡಿದರು. ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋಗಿ ಮನೆಯಲ್ಲಿ ನೋಡುವ ಧೈರ್ಯವಂತ ರೋಗಿಗಳೂ ಇದ್ದಾರೆ. ಆ ಸಾಲಿನ ಕೊನೆಯಲ್ಲಿ ಬಂದು ನಿಂತಿರುವುದು ಕಂಪ್ಯೂಟರು. ಅದಕ್ಕೆ ಈಗ ಕೊಟ್ಟಿರುವ ಕೆಲಸ ಕೇಳಲು ಸರಳ: ಪರದೆಯ ಮೇಲೆ ಓಡಾಡುತ್ತಿರುವ ಸಾಧನ ಯಾವುದು, ಎಲ್ಲಿದೆ, ಒಂದು ಕ್ಷಣದ ಹಿಂದೆ ಕಂಡದ್ದೂ ಈಗ ಕಾಣುವುದೂ ಒಂದೇನಾ, ಇವಿಷ್ಟನ್ನು ಹೇಳಬೇಕು.

ಸರಳವಲ್ಲ ಎಂದು ತಿಳಿಯಲು ಒಂದು ಪಿತ್ತಕೋಶದ ಆಪರೇಷನ್ನನ್ನು ಹತ್ತಿರದಿಂದ ನೋಡಿದರೆ ಸಾಕು. ಹೊಟ್ಟೆಗೆ ಸಾಮಾನ್ಯವಾಗಿ ನಾಲ್ಕು ತೂತು. ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಪಾದರಸದ 12ರಿಂದ 15 ಮಿಲಿಮೀಟರ್ ಒತ್ತಡದಲ್ಲಿ ಹೊಟ್ಟೆಯ ಗೋಡೆಯನ್ನು ಮೇಲಕ್ಕೆತ್ತಿರುತ್ತಾರೆ. ಹೊಕ್ಕುಳ ಬಳಿಯ ತೂತಿನಿಂದ ಕ್ಯಾಮೆರಾ. ಅದನ್ನು ಹಿಡಿಯುವುದು ಸಹಾಯಕರು. ಒಂದು ಗ್ರಾಸ್ಪರ್, ಅಂದರೆ ಸಪೂರ ಇಕ್ಕಳ, ಪಿತ್ತಕೋಶದ ತಲೆಯನ್ನು ಯಕೃತ್ತಿನ ಮೇಲಕ್ಕೆ ತಳ್ಳಿ ಹಿಡಿದಿರುತ್ತದೆ. ಇನ್ನೊಂದು ಗ್ರಾಸ್ಪರ್ ಸರ್ಜನರ ಎಡಗೈಯಲ್ಲಿ, ಪಿತ್ತಕೋಶದ ಕುತ್ತಿಗೆಯನ್ನು ಅತ್ತಿತ್ತ ಹೊರಳಿಸುತ್ತದೆ. ಬಲಗೈಯಲ್ಲಿ ಹುಕ್: ತುದಿ ಬಾಗಿದ ತಂತಿಯಂಥದ್ದು, ವಿದ್ಯುತ್ತಿನಿಂದ ಸುಡುತ್ತ ಕೊಬ್ಬಿನ ಎಳೆಗಳನ್ನು ಬಿಡಿಸುತ್ತದೆ. ಚರ್ಮದ ತೂತೇ ತಿರುಗುಮೊಳೆಯಾಗುವುದರಿಂದ ಕೈ ಬಲಕ್ಕೆ ಹೋದರೆ ಒಳಗಿನ ತುದಿ ಎಡಕ್ಕೆ ಹೋಗುತ್ತದೆ. ಹುಕ್ ಸುಟ್ಟಾಗ ಹೊಗೆ ಏಳುತ್ತದೆ. ಲೆನ್ಸು ತಣ್ಣಗಿದ್ದು ಹೊಟ್ಟೆ ಬೆಚ್ಚಗಿರುವುದರಿಂದ ಮಂಜು ಕಟ್ಟುತ್ತದೆ. ಕ್ಯಾಮೆರಾ ಹೊರತೆಗೆದು ಬಿಸಿ ಸಲೈನಿನಲ್ಲಿ ಅದ್ದಿ, ಒರೆಸಿ ಮತ್ತೆ ಇಳಿಸಬೇಕು. ಒದ್ದೆಯಾದ ಯಕೃತ್ತಿನ ಮೇಲೆ ದೀಪದ ಬೆಳಕು ಬಿದ್ದು ಬಿಳಿ ಚುಕ್ಕೆಗಳು ಮಿನುಗುತ್ತವೆ, ಉಕ್ಕಿನ ಸಾಧನವೂ ಹಾಗೆಯೇ ಮಿನುಗುತ್ತದೆ. ಒಂದು ಹನಿ ರಕ್ತ ಲೆನ್ಸಿಗೆ ಸಿಡಿದರೆ ಅರ್ಧ ಪರದೆ ಕೆಂಪು.

ಇಷ್ಟೆಲ್ಲದರ ನಡುವೆ ಸಾಧನವನ್ನು ಗುರುತಿಸಲು ಮೊದಮೊದಲು ಹೂಡಿದ ಉಪಾಯ ಜಾಣತನದ್ದು. 1994ರಲ್ಲಿ ಅಮೆರಿಕದಲ್ಲಿ ‘ಈಸಪ್’ ಎಂಬ ಯಂತ್ರತೋಳಿಗೆ ಅನುಮತಿ ಸಿಕ್ಕಿತು. ಸಹಾಯಕರ ಬದಲು ಕ್ಯಾಮೆರಾ ಹಿಡಿಯುವುದು ಅದರ ಕೆಲಸ. ಹಿಡಿಯುವುದೇನೋ ಆಯಿತು, ಎತ್ತ ತಿರುಗಬೇಕು? ಜರ್ಮನಿಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಡಿಎಲ್ಆರ್‌ನ ಎಂಜಿನಿಯರುಗಳು 1997ರಲ್ಲಿ ಪ್ರಕಟಿಸಿದ ಉತ್ತರ ಹೀಗಿತ್ತು: ಹೊಟ್ಟೆಯೊಳಗಿನ ಚಿತ್ರಗಳಲ್ಲಿ ಯಾವ ಯಾವ ಬಣ್ಣ ಬರುತ್ತವೆ ಎಂದು ಲೆಕ್ಕ ಹಾಕಿ, ಅಲ್ಲಿ ಕಾಣಸಿಗದ ಬಣ್ಣವೊಂದನ್ನು ಆರಿಸಿ, ಅದರ ಗುರುತನ್ನು ಸಾಧನದ ತುದಿಯ ಬಳಿ ಹಚ್ಚುವುದು. ಕಂಪ್ಯೂಟರು ಆ ಬಣ್ಣವನ್ನು ಹುಡುಕುತ್ತದೆ, ಕ್ಯಾಮೆರಾ ಅದರ ಹಿಂದೆ ಹೋಗುತ್ತದೆ. ಕೆಲಸವೂ ಮಾಡಿತು. ಆದರೆ ಪ್ರತಿ ಸಾಧನಕ್ಕೂ ಬಣ್ಣ ಹಚ್ಚಬೇಕು, ಅದು ಸ್ಟೆರಿಲೈಸ್ ಮಾಡುವ ಬಿಸಿಗೆ ತಡೆಯಬೇಕು, ರಕ್ತ ಮೆತ್ತಿಕೊಂಡರೆ ಗುರುತು ಮುಚ್ಚಿಹೋಗುತ್ತದೆ. ದಿನಕ್ಕೆ ಹಲವು ಬಾರಿ ಆಟೋಕ್ಲೇವಿಗೆ ಹೋಗಿ ಬರುವ ಇಕ್ಕಳಗಳಿಗೆ ಇದು ಹೊಂದುವ ಮಾತಲ್ಲ.

ಬಣ್ಣದ ಹಂಗು ಬಿಡಿಸಿದ್ದು ವಿಡಿಯೊಗಳ ರಾಶಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 13 ಸರ್ಜನರು ಮಾಡಿದ 80 ಪಿತ್ತಕೋಶ ಆಪರೇಷನ್‌ಗಳ ವಿಡಿಯೊಗಳನ್ನು ಅಲ್ಲಿನ ಸಂಶೋಧಕರು ‘ಕೋಲೆಕ್80’ ಎಂಬ ಹೆಸರಿನಲ್ಲಿ ಜಗತ್ತಿನ ಸಂಶೋಧಕರ ಮುಂದಿಟ್ಟರು. ಪ್ರತಿ ಸೆಕೆಂಡಿಗೆ ಒಂದು ಚಿತ್ರದಂತೆ ತೆಗೆದು, ಅದರಲ್ಲಿ ಏಳು ಸಾಧನಗಳ ಪೈಕಿ ಯಾವುದಿದೆ ಯಾವುದಿಲ್ಲ ಎಂದು ಮನುಷ್ಯರೇ ಕೂತು ಗುರುತು ಹಾಕಿದ್ದರು: ಗ್ರಾಸ್ಪರ್, ಬೈಪೋಲಾರ್ ಎಂಬ ಸುಡುವ ಇಕ್ಕಳ, ಹುಕ್, ಕತ್ತರಿ, ಕ್ಲಿಪ್ ಹಾಕುವ ಸಾಧನ, ನೀರು ಹಾಯಿಸಿ ಹೀರುವ ಕೊಳವೆ, ಕತ್ತರಿಸಿದ ಪಿತ್ತಕೋಶವನ್ನು ತುಂಬಿ ತೆಗೆಯುವ ಚೀಲ. ಈ ಚಿತ್ರಗಳನ್ನು ನ್ಯೂರಲ್ ನೆಟ್‌ವರ್ಕಿಗೆ ಉಣಿಸಿದರು. ಹುಕ್ಕಿನ ತುದಿ ಹೀಗೆ ಬಾಗಿರುತ್ತದೆ, ಕತ್ತರಿಗೆ ಎರಡು ಅಲಗು ಎಂದು ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ. ಅದು ಉತ್ತರ ಹೇಳುತ್ತದೆ, ತಪ್ಪಾದರೆ ತನ್ನೊಳಗಿನ ಲಕ್ಷಾಂತರ ಅಂಕಿಗಳನ್ನು ಒಂದಿಷ್ಟು ಸರಿಸಿಕೊಳ್ಳುತ್ತದೆ, ಮತ್ತೆ ಹೇಳುತ್ತದೆ. ಹೀಗೆ ಸಾವಿರಾರು ಸುತ್ತು.

ಕೋಲೆಕ್80ರ ಗುರುತು ‘ಇದೆ, ಇಲ್ಲ’ ಎಂಬಷ್ಟಕ್ಕೇ ಮುಗಿದಿತ್ತು. ‘ಎಲ್ಲಿ’ ಎಂಬುದಕ್ಕೆ ಬೇರೆ ಶ್ರಮ ಬೇಕಾಯಿತು. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಸುಮಾರು ಎರಡೂವರೆ ಸಾವಿರ ಚಿತ್ರಗಳಲ್ಲಿ ಪ್ರತಿ ಸಾಧನದ ಸುತ್ತ ಚೌಕ ಎಳೆದು, ಕಂಪ್ಯೂಟರಿಗೂ ಚೌಕ ಎಳೆಯಲು ಕಲಿಸಿತು. ಇನ್ನು ಕೆಲವರು ಚೌಕ ಸಾಲದೆಂದು ಸಾಧನದ ಅಂಚಿಗೆ ಅಂಚು ಕೂಡುವ ಹಾಗೆ ಚುಕ್ಕೆ ಚುಕ್ಕೆಯನ್ನೂ ಬಿಡಿಸಿ ಬಣ್ಣ ತುಂಬಿದರು. ಓರೆಯಾಗಿ ಬರುವ ಉದ್ದ ಕೋಲಿನಂಥ ಸಾಧನಕ್ಕೆ ಚೌಕ ಹಾಕಿದರೆ ಅದರೊಳಗೆ ಮುಕ್ಕಾಲು ಪಾಲು ಯಕೃತ್ತೇ ತುಂಬಿರುತ್ತದೆ ಎಂಬುದು ಅವರ ತಕರಾರು. ನ್ಯಾಯವಾದದ್ದೇ.

ಇದೇ ಜಾಗದಲ್ಲಿ ನಮ್ಮ ದೇಶದ ಒಂದು ಕೆಲಸ ಬರುತ್ತದೆ. ದಿಲ್ಲಿಯ ಐಐಟಿ ಮತ್ತು ಏಮ್ಸ್ ಸೇರಿದ ತಂಡ 2023ರಲ್ಲಿ ಒಂದು ಪ್ರಬಂಧ ಮಂಡಿಸಿತು. ಊಟದ ಮೇಜಿನ ಫೋರ್ಕಿನಿಂದ ಆಪರೇಷನ್ನಿನ ಫೋರ್ಸೆಪ್ಸಿಗೆ ಎಂಬರ್ಥದ ತಲೆಬರಹ ಅದಕ್ಕೆ. ನಾಯಿ, ಕುರ್ಚಿ, ಕಾರು ಗುರುತಿಸಲು ಕಲಿತ ಮಾದರಿಗಳನ್ನು ಹೊಟ್ಟೆಯೊಳಗಿನ ಚಿತ್ರಕ್ಕೆ ಒಗ್ಗಿಸಿದಾಗ ಅವು ಎಲ್ಲಿ ಎಡವುತ್ತವೆ ಎಂದು ಆ ತಂಡ ಹುಡುಕಿತು. ಸಾಧನ ಎಲ್ಲಿದೆ ಎನ್ನುವುದನ್ನು ಅವು ಸಾಕಷ್ಟು ಸರಿಯಾಗಿಯೇ ಹೇಳುತ್ತಿದ್ದವು, ಎಡವುತ್ತಿದ್ದದ್ದು ಹೆಸರಿನಲ್ಲಿ. ಕಾರಣ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವ ಯಾವ ಸಿಸ್ಟರಿಗಾದರೂ ಗೊತ್ತಿರುವಂಥದ್ದು: ಹಿಡಿಯಿಂದ ತುದಿಯವರೆಗೆ ಎಲ್ಲ ಸಾಧನಗಳದೂ ಒಂದೇ ಥರದ ಕೋಲು, ವ್ಯತ್ಯಾಸವಿರುವುದು ಕೊನೆಯ ಒಂದೆರಡು ಸೆಂಟಿಮೀಟರಿನಲ್ಲಿ. ಆ ತುದಿ ಕೊಬ್ಬಿನೊಳಗೆ ಹೂತಿದ್ದರೆ ಮುಗಿಯಿತು. ಹೆಸರು ಹೇಳುವುದಕ್ಕೆಂದೇ ಪ್ರತ್ಯೇಕ ಹಂತವೊಂದನ್ನು ಸೇರಿಸಿ ತಂಡ ಫಲಿತಾಂಶವನ್ನು ಮೇಲಕ್ಕೆತ್ತಿತು.

ಗುರುತಿಸುವುದು ಒಂದು ಕೆಲಸ, ಬೆನ್ನು ಹತ್ತುವುದು ಇನ್ನೊಂದು. ಒಂದು ಚಿತ್ರದಲ್ಲಿ ಎರಡು ಗ್ರಾಸ್ಪರ್ ಕಂಡವು, ಮುಂದಿನ ಚಿತ್ರದಲ್ಲೂ ಎರಡು ಕಂಡವು. ಯಾವುದು ಯಾವುದು? ಯಂತ್ರ ಸಾಮಾನ್ಯವಾಗಿ ಹಿಡಿಯುವ ದಾರಿ ಅಂದಾಜಿನದು: ಈ ವೇಗದಲ್ಲಿ ಈ ದಿಕ್ಕಿಗೆ ಹೋಗುತ್ತಿದ್ದ ಸಾಧನ ಈಗ ಇಲ್ಲಿರಬೇಕು ಎಂದು ಮೊದಲೇ ಊಹಿಸಿ, ಹತ್ತಿರ ಸಿಕ್ಕಿದ್ದಕ್ಕೆ ಹಳೆಯ ಹೆಸರನ್ನೇ ಕೊಡುವುದು. ಈ ಊಹೆಯ ಗಣಿತ 1960ರಲ್ಲಿ ರುಡಾಲ್ಫ್ ಕಾಲ್ಮನ್ ಬರೆದದ್ದು. ಚಂದ್ರನತ್ತ ಹೊರಟ ಅಪೊಲೊ ನೌಕೆಗಳಿಗೂ ಅದೇ ಒದಗಿತ್ತು. ಆದರೆ ನೌಕೆ ಸುಮ್ಮನೆ ಮಾಯವಾಗುವುದಿಲ್ಲ, ಇಕ್ಕಳ ಆಗುತ್ತದೆ. ಜಾತ್ರೆಯಲ್ಲಿ ಒಂದೇ ಮೈಬಣ್ಣದ ಎರಡು ಹೋರಿಗಳು ಗದ್ದಲದೊಳಗೆ ನುಗ್ಗಿ ಆಚೆ ಹೊರಬಂದರೆ ಯಾರ ಹೋರಿ ಯಾವುದು ಎಂದು ಮಾಲೀಕರೇ ತಡವರಿಸುವಂತೆ, ಯಂತ್ರವೂ ಇಲ್ಲಿ ಹೆಸರು ಅದಲು ಬದಲು ಮಾಡುತ್ತದೆ.

ಸ್ಟ್ರಾಸ್‌ಬರ್ಗಿನ ನಿಕೊಲಾ ಪಾದೋಯ್ ಅವರ ತಂಡ ಈಚೆಗೆ ಇದರ ಮೇಲೆ ಮಾಡಿದ ಕೆಲಸ ಈ ಕ್ಷೇತ್ರದಲ್ಲೇ ಹೆಚ್ಚು ಸ್ವಾರಸ್ಯದ್ದು. ‘ಕೋಲೆಕ್‌ಟ್ರ್ಯಾಕ್20’ ಎಂಬ 20 ವಿಡಿಯೊಗಳ ಸಂಗ್ರಹದಲ್ಲಿ ಅವರು ಒಂದೇ ಸಾಧನಕ್ಕೆ ಮೂರು ಬಗೆಯ ಆಯುಷ್ಯ ಬರೆದರು. ಕ್ಯಾಮೆರಾಕ್ಕೆ ಕಾಣುವಷ್ಟು ಹೊತ್ತಿನದು ಒಂದು. ತೂತಿನಿಂದ ಒಳಗೆ ಹೋಗಿ ಹೊರಗೆ ಬರುವವರೆಗಿನದು ಎರಡನೆಯದು. ನಡುವೆ ಕ್ಯಾಮೆರಾ ಬೇರೆಡೆ ತಿರುಗಿ ಸಾಧನ ಕಾಣದಿದ್ದರೂ ಅದು ದೇಹದೊಳಗೇ ಇದೆಯಲ್ಲ. ಇಡೀ ಆಪರೇಷನ್ನಿನ ಉದ್ದಕ್ಕೂ, ಹೊರಗೆ ಟ್ರೇಯಲ್ಲಿ ಮಲಗಿ ಮತ್ತೆ ಒಳಗೆ ಬಂದರೂ ಅದೇ ಸಾಧನ ಎಂಬುದು ಮೂರನೆಯದು. ಇನ್ನು ಎರಡು ಗ್ರಾಸ್ಪರ್‌ಗಳ ಗೊಂದಲಕ್ಕೆ ಅವರು ರೂಪವನ್ನು ನೆಚ್ಚಲಿಲ್ಲ, ದಿಕ್ಕನ್ನು ನೆಚ್ಚಿದರು. ತೂತುಗಳ ಜಾಗ ಬದಲಾಗುವುದಿಲ್ಲ. ಸರ್ಜನರ ಎಡಗೈ ಸಾಧನ ಒಂದು ಕಡೆಯಿಂದ ಬಂದರೆ ಸಹಾಯಕರದು ಇನ್ನೊಂದು ಕಡೆಯಿಂದಲೇ ಬರಬೇಕು. ಕೋಲು ಪರದೆಯ ಯಾವ ಅಂಚಿನಿಂದ ಒಳಬಂದಿದೆ ಎಂದು ನೋಡಿದರೆ ಹಿಡಿದ ಕೈ ಯಾರದೆಂದು ತಿಳಿಯುತ್ತದೆ. ಆಪರೇಷನ್ ಥಿಯೇಟರಿನ ಶಿಸ್ತನ್ನೇ ಗಣಿತಕ್ಕೆ ಸುಳಿವಾಗಿ ಕೊಟ್ಟದ್ದು ಇಲ್ಲಿನ ಜಾಣ್ಮೆ.

ಇಷ್ಟೆಲ್ಲ ಹಿಂದೆ ಬಿದ್ದು ಸಿಗುವುದೇನು?

ಮೊದಲನೆಯದು, ಕೈಚಳಕದ ಅಳತೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬೊಜ್ಜು ಕರಗಿಸುವ ಆಪರೇಷನ್ ಮಾಡುವ 20 ಸರ್ಜನರು ತಮ್ಮದೊಂದು ವಿಡಿಯೊ ಕೊಟ್ಟರು. ಯಾರದೆಂದು ಗೊತ್ತಿಲ್ಲದ ಸಹೋದ್ಯೋಗಿಗಳು ಅದಕ್ಕೆ ಅಂಕ ಹಾಕಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಕಡಿಮೆ ಅಂಕ ಪಡೆದ ಕಾಲುಭಾಗ ಸರ್ಜನರ ರೋಗಿಗಳಲ್ಲಿ 14.5 ಶೇಕಡಾ ಮಂದಿಗೆ ತೊಡಕುಗಳಾಗಿದ್ದರೆ, ಹೆಚ್ಚು ಅಂಕದವರ ರೋಗಿಗಳಲ್ಲಿ 5.2 ಶೇಕಡಾ. ಒಂದೇ ವಿಡಿಯೊ ಅಷ್ಟು ಹೇಳುತ್ತದೆ ಅಂದ ಮೇಲೆ ಎಲ್ಲ ವಿಡಿಯೊಗಳನ್ನೂ ನೋಡಬಾರದೇಕೆ? ನೋಡಲು ಹಿರಿಯ ಸರ್ಜನರಿಗೆ ಪುರಸೊತ್ತಿಲ್ಲ. ಯಂತ್ರಕ್ಕೆ ಇದೆ. ಕೈ ಒಟ್ಟು ಎಷ್ಟು ದೂರ ಓಡಾಡಿತು, ಎಷ್ಟು ಸಲ ಚಲಿಸಿತು ಎಂಬ ಲೆಕ್ಕಗಳಿಂದ ಪಳಗಿದ ಕೈಯನ್ನು ಗುರುತಿಸಬಹುದು ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅರಾ ದಾರ್ಜಿ ಅವರ ತಂಡ ಹಿಂದೆಯೇ ತೋರಿಸಿತ್ತು. ಆಗ ಸರ್ಜನರ ಕೈಗೆ ಸೆನ್ಸರ್ ಕಟ್ಟಬೇಕಿತ್ತು, ಈಗ ಹೇಗೂ ನಡೆಯುತ್ತಿರುವ ವಿಡಿಯೊ ಸಾಕು. ಕಲಿಕೆಗೆ ಇನ್ನೊಂದು ದಾರಿಯೂ ಇದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಮಿಮಿಕ್’ ಎಂಬ ಕಂಪನಿ ಎಂಡೋಸ್ಕೋಪಿಯನ್ನು ರೋಗಿಯಿಲ್ಲದೆ ಅಭ್ಯಾಸ ಮಾಡುವ, ಕೈಗೆ ತಡೆಯ ಅನುಭವವನ್ನೂ ಕೊಡುವ ಸಿಮ್ಯುಲೇಟರ್ ಮಾಡಿದೆ.

ಎರಡನೆಯದು, ಅಪಾಯದ ಎಚ್ಚರಿಕೆ. ಪಿತ್ತಕೋಶ ತೆಗೆಯುವಾಗ ಕತ್ತರಿಸಬೇಕಾದದ್ದು ಅದರ ಸಣ್ಣ ನಾಳವನ್ನು. ಅದರ ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ನಾಳ. ಸಾವಿರಕ್ಕೆ ಬೆರಳೆಣಿಕೆಯಷ್ಟು ಸಲ ಒಂದನ್ನು ಇನ್ನೊಂದೆಂದು ತಿಳಿದು ಕತ್ತರಿಸುವುದುಂಟು. ಆ ರೋಗಿಯ ವರ್ಷಗಟ್ಟಲೆಯ ಪಾಡು ಹೇಳತೀರದು. ಇಂಥ 252 ಪ್ರಕರಣಗಳನ್ನು ಕೆದಕಿದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಹೇಳಿದ್ದೆಂದರೆ, ಅವುಗಳಲ್ಲಿ 97 ಶೇಕಡಾ ತಪ್ಪಿಗೆ ಮೂಲ ಕಣ್ಣಿನ ಭ್ರಮೆ. ಕೈ ಜಾರಿದ್ದಲ್ಲ, ಓದು ಕಡಿಮೆಯಾದದ್ದಲ್ಲ. ಸ್ಟೀವನ್ ಸ್ಟ್ರಾಸ್‌ಬರ್ಗ್ ಎಂಬ ಸರ್ಜನರು 1995ರಲ್ಲೇ, ಎರಡೇ ಎರಡು ರಚನೆಗಳು ಪಿತ್ತಕೋಶಕ್ಕೆ ಹೋಗುತ್ತಿರುವುದು ಸ್ಪಷ್ಟವಾಗಿ ಕಾಣುವವರೆಗೆ ಏನನ್ನೂ ಕತ್ತರಿಸಬೇಡಿ ಎಂಬ ನಿಯಮ ಹಾಕಿಕೊಟ್ಟಿದ್ದರು. ಕೆನಡಾದ ಟೊರಾಂಟೊದಲ್ಲಿ ಅಮೀನ್ ಮದನಿ ಅವರ ತಂಡ 37 ದೇಶಗಳ 290 ವಿಡಿಯೊಗಳಿಂದ ಕಲಿಸಿದ ‘ಗೋನೋಗೋನೆಟ್’ ಪರದೆಯ ಮೇಲೆ ಸುರಕ್ಷಿತ ಜಾಗಕ್ಕೆ ಹಸಿರು, ಅಪಾಯದ ಜಾಗಕ್ಕೆ ಕೆಂಪು ಬಳಿಯುತ್ತದೆ. ಇದು ಅಂಗಾಂಗ ನೋಡುವ ಯಂತ್ರ. ಸಾಧನ ನೋಡುವ ಯಂತ್ರವನ್ನು ಇದಕ್ಕೆ ಜೋಡಿಸಿದಾಗ ಮಾತ್ರ ‘ಹುಕ್ಕಿನ ತುದಿ ಕೆಂಪಿನತ್ತ ಸರಿಯುತ್ತಿದೆ’ ಎಂಬ ಎಚ್ಚರಿಕೆ ಸಾಧ್ಯ. ಅಂಥ ಜೋಡಣೆ ಸಂಶೋಧನೆಯ ಮೇಜಿನಿಂದ ದಿನನಿತ್ಯದ ಥಿಯೇಟರಿಗೆ ಬರಲು ಇನ್ನೂ ದಾರಿಯಿದೆ. ಆಸ್ಪತ್ರೆಯ ಫ್ಲೆಕ್ಸಿನಲ್ಲಿ ‘ಎಐ’ ಎಂಬ ಎರಡಕ್ಷರ ಕಂಡು ಕಂಪ್ಯೂಟರೇ ಕೊಯ್ಯುತ್ತದೆ ಎಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಲಿ. ರೋಬಾಟ್ ಎಂದು ಕರೆಸಿಕೊಳ್ಳುವ ಡಾ ವಿಂಚಿಯನ್ನು ನಡೆಸುವುದೂ ಪಕ್ಕದ ಕನ್ಸೋಲಿನಲ್ಲಿ ಕೂತ ಸರ್ಜನರ ಕೈಗಳೇ. ಅದರ ಪ್ರತಿ ಕೀಲಿನಲ್ಲೂ ಅಳೆಯುವ ಸಾಧನ ಇರುವುದರಿಂದ ತುದಿ ಎಲ್ಲಿದೆಯೆಂದು ಯಂತ್ರಕ್ಕೆ ತಕ್ಕಮಟ್ಟಿಗೆ ಗೊತ್ತು. ನಿಪ್ಪಾಣಿಯ ನರ್ಸಿಂಗ್ ಹೋಮಿನ ಕೈಯಿಕ್ಕಳಕ್ಕೆ ಅಂಥ ಯಾವ ಸೌಕರ್ಯವೂ ಇಲ್ಲ, ಕ್ಯಾಮೆರಾವೇ ಗತಿ.

ತಂತ್ರಜ್ಞಾನದ ನಿಜವಾದ ತೊಡಕು ಎದುರಾಗುವುದೂ ಅಲ್ಲೇ. ಕಂಪ್ಯೂಟರಿಗೆ ಗೊತ್ತಿರುವುದು ಅದಕ್ಕೆ ತೋರಿಸಿದ್ದು ಮಾತ್ರ, ತೋರಿಸಿದ್ದರಲ್ಲಿ ಬಹುಪಾಲು ಯೂರೋಪು ಅಮೆರಿಕದ ದೊಡ್ಡ ಆಸ್ಪತ್ರೆಗಳ ಪರದೆ. ಅಲ್ಲಿ ಪಿತ್ತಕೋಶ ತುಂಬಲು ಕಾರ್ಖಾನೆಯಲ್ಲಿ ತಯಾರಾದ, ಒಮ್ಮೆ ಬಳಸಿ ಎಸೆಯುವ ಚೀಲ ಬರುತ್ತದೆ. ಭಾರತದ ಸಣ್ಣ ಊರುಗಳಲ್ಲಿ ಅನೇಕ ಸರ್ಜನರು ಖರ್ಚು ಉಳಿಸಲು ಸ್ಟೆರೈಲ್ ಗ್ಲೌಸನ್ನೇ ಕಟ್ಟಿ ಚೀಲ ಮಾಡಿಕೊಳ್ಳುತ್ತಾರೆ. ಕೆಲಸ ಅಷ್ಟೇ ಚೊಕ್ಕ. ಆದರೆ ಸ್ಟ್ರಾಸ್‌ಬರ್ಗಿನ ಆಸ್ಪತ್ರೆಯ ಚೀಲ ನೋಡಿ ಕಲಿತ ಯಂತ್ರದ ಮುಂದೆ ಐದು ಬೆರಳಿನ ರಬ್ಬರು ಬಂದು ನಿಂತರೆ ಅದು ಏನೆಂದು ಹೆಸರಿಸೀತು? ಟೈಟಾನಿಯಂ ಕ್ಲಿಪ್ಪಿನ ಬದಲು ಹೊರಗೆ ಗಂಟು ಕಟ್ಟಿ ದಾರವನ್ನು ಒಳಗೆ ಜಾರಿಸಿ ಬಿಗಿಯುವವರೂ ಇದ್ದಾರೆ. ಏಳು ಸಾಧನಗಳ ಪಟ್ಟಿಯಲ್ಲಿ ಆ ದಾರಕ್ಕೆ ಜಾಗವೇ ಇಲ್ಲ. ಕ್ಯಾಮೆರಾ ಹಳತಾದರೆ ಬಣ್ಣ ಬೇರೆ, ದೀಪ ಮಂದವಾದರೆ ನೆರಳು ಬೇರೆ. ಯಂತ್ರ ಒಂದು ಆಸ್ಪತ್ರೆಯಲ್ಲಿ ಚೆನ್ನಾಗಿ ನಡೆದು ಇನ್ನೊಂದರಲ್ಲಿ ಮುಗ್ಗರಿಸುವುದು ಇಂಥ ಸಣ್ಣ ಸಣ್ಣ ಕಾರಣಗಳಿಗೆ. ಪರಿಹಾರವೂ ಗುಟ್ಟಿನದಲ್ಲ: ಈ ಭಾಗದ ಥಿಯೇಟರುಗಳಲ್ಲಿ ದಿನವೂ ನಡೆಯುವ ಆಪರೇಷನ್‌ಗಳು ರೆಕಾರ್ಡ್ ಆಗಬೇಕು, ಉಳಿಯಬೇಕು, ಬಲ್ಲವರು ಕೂತು ಗುರುತು ಹಾಕಬೇಕು. 1963ರಲ್ಲಿ ಶುರುವಾದ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನಂಥ ಕಡೆ ಗುರುತು ಹಾಕಬಲ್ಲ ಸ್ನಾತಕೋತ್ತರ ವಿದ್ಯಾರ್ಥಿಗಳಿಗೇನೂ ಬರವಿಲ್ಲ. ಅವರಿಗೂ ಅದೇ ಪಾಠ. ಚಿತ್ರದ ಮೇಲೆ ಗೆರೆ ಎಳೆಯುತ್ತ ಕೂತವರ ಕಣ್ಣು ಪಳಗದೆ ಇರದು.

ರೆಕಾರ್ಡ್ ಮಾಡುವಾಗ ಒಂದು ಎಚ್ಚರ ಬೇಕು. ಲೆನ್ಸು ಒರೆಸಲು ಕ್ಯಾಮೆರಾ ಹೊರಗೆ ಬಂದಾಗಲೂ ಅದು ಓಡುತ್ತಲೇ ಇರುತ್ತದೆ. ರೋಗಿಯ ಮುಖ, ಸಿಸ್ಟರು, ಗೋಡೆಯ ಗಡಿಯಾರ, ಬೋರ್ಡಿನಲ್ಲಿ ಬರೆದ ಹೆಸರು ಎಲ್ಲ ದಾಖಲಾಗುತ್ತವೆ. ದೇಹದ ಹೊರಗಿನ ಇಂಥ ಚಿತ್ರಗಳನ್ನು ತಾನೇ ಪತ್ತೆಹಚ್ಚಿ ಮಸುಕು ಮಾಡಲು ನೆರವಾಗುವ ‘ಊಬ್‌ನೆಟ್’ ಎಂಬ ತಂತ್ರಾಂಶ 2023ರಲ್ಲಿ ಬಂದಿದೆ. ರೋಗಿಯ ಒಪ್ಪಿಗೆಯ ಪ್ರಶ್ನೆಗೆ ತಂತ್ರಾಂಶ ಸಾಲದು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಓದುವ ಆಯ್ಕೆಯನ್ನು ಜನರಿಗೆ ಕೊಡುತ್ತದೆ. ಭೋಜದಂಥ ಊರಿನ ಆಸ್ಪತ್ರೆ ಕಾಗದಗಳಲ್ಲಿ ಅಣ್ಣ ಕನ್ನಡದಲ್ಲಿ, ಅತ್ತಿಗೆ ಮರಾಠಿಯಲ್ಲಿ ಸಹಿ ಹಾಕುವುದು ಹೊಸತೇನಲ್ಲ. ‘ನಿಮ್ಮ ಆಪರೇಷನ್ನಿನ ವಿಡಿಯೊವನ್ನು ಕಂಪ್ಯೂಟರಿಗೆ ಕಲಿಸಲು ಬಳಸಬಹುದೇ’ ಎಂಬ ಸಾಲು ಆ ಎರಡೂ ಭಾಷೆಗಳಲ್ಲಿ ಅಚ್ಚಾಗಬೇಕು, ಅರಿವಳಿಕೆ ಕೊಡುವ ಮೊದಲೇ ಅದನ್ನು ಪುರಸೊತ್ತಿನಲ್ಲಿ ಓದಿ ಹೇಳಬೇಕು.